ಗೋಡೆ ಒಡೆಯುವ ಮೊದಲು ತಲೆ ಎತ್ತಿ ಸೂರು ನೋಡಿ

ಸೂರಿನ ಭಾರ ಯಾವ ಗೋಡೆ ಮೇಲೆ ಕೂತಿದೆ ಅಂತ ಗೊತ್ತಾಗದೆ ನಾನು ಒಂದು ಇಟ್ಟಿಗೆಯನ್ನೂ ತೆಗೆಸುವುದಿಲ್ಲ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಒಂದೇ ಮನೆಯಲ್ಲಿ ಮೂರು ಥರದ ಸೂರು ಸಿಗುತ್ತದೆ.

ಮಲ್ಲೇಶ್ವರದ ಒಂದು ಮನೆ ರಿಪೇರಿಗೆ ಹೋದಾಗ ಮನೆಯವರು ನಡುಗೋಡೆ ತೋರಿಸಿ, "ಇದನ್ನ ತೆಗೆದ್ರೆ ಹಾಲ್ ದೊಡ್ಡದಾಗುತ್ತೆ ಅಲ್ವಾ ಸಾರ್?" ಅಂದರು. ಮೇಲೆ ಮದ್ರಾಸ್ ತಾರಸಿ. ಸಾಲಾಗಿ ಮರದ ತೊಲೆಗಳು, ಅವುಗಳ ಮೇಲೆ ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಜಲ್ಲಿಯ ಗಚ್ಚು. ತೊಲೆಗಳು ಕೆಳಗಿನಿಂದಲೇ ಕಾಣುತ್ತವೆ. ಅವು ಗೋಡೆಗೆ ಸಮಾನಾಂತರವಾಗಿ ಓಡಿದ್ದರೆ ಆ ಗೋಡೆಗೆ ಸೂರಿನ ಭಾರ ಅಷ್ಟಾಗಿ ಇರುವುದಿಲ್ಲ. ಇಲ್ಲಿ ಎರಡೂ ಕಡೆಯ ತೊಲೆಗಳ ತುದಿ ಅದೇ ಗೋಡೆ ಮೇಲೆ ಬಂದು ಕೂತಿದ್ದವು.

ಗೋಡೆಯ ಜಾಗಕ್ಕೆ ಬೀಮ್ ಬೇಕೇ ಬೇಕು. ಕಾಂಕ್ರೀಟ್ ಬೀಮ್ ಹಾಕಿದರೆ ಅದು ಬಲಿಯುವವರೆಗೆ ಸೂರಿಗೆ ಆಸರೆ ಇಟ್ಟುಕೊಂಡೇ ಇರಬೇಕು. ಅದಕ್ಕೇ ಕಬ್ಬಿಣದ ಗರ್ಡರ್ ಆರಿಸಿದೆವು. ಸೈಜ್ ಲೆಕ್ಕ ಹಾಕಿದ್ದು ಸ್ಟ್ರಕ್ಚರಲ್ ಇಂಜಿನಿಯರ್. ಮೊದಲು ಗೋಡೆಯ ಎರಡೂ ಕಡೆ ತೊಲೆಗಳ ಕೆಳಗೆ ಅಡ್ಡ ಹಲಗೆ ಕೊಟ್ಟು ಜಾಕಿ ನಿಲ್ಲಿಸಿದೆವು. ಗರ್ಡರ್‌ನ ತುದಿ ಕೂರುವ ಜಾಗದಲ್ಲಿ ಕಾಂಕ್ರೀಟ್ ಬೆಡ್ ಬ್ಲಾಕ್ ಹಾಕಿ ಗಟ್ಟಿಯಾಗಲು ಬಿಟ್ಟೆವು. ಹಳೇ ಸುಣ್ಣದ ಗೋಡೆ ಮೇಲೆ ಗರ್ಡರ್ ನೇರವಾಗಿ ಇಟ್ಟರೆ ಭಾರವೆಲ್ಲ ಒಂದೇ ಕಡೆ ಬಿದ್ದು ಇಟ್ಟಿಗೆ ಪುಡಿಯಾಗುತ್ತದೆ. ಆಮೇಲೆ ಗೋಡೆಯ ಅರ್ಧ ದಪ್ಪ ಮಾತ್ರ ಕೊರೆದು ಒಂದು ಗರ್ಡರ್ ತೂರಿಸಿ, ಮೇಲಿನ ಸಂದಿಗೆ ಗಟ್ಟಿ ಗಾರೆ ಬಡಿದು ತುಂಬಿದೆವು. ಅದು ಭಾರ ಹಿಡಿದ ಮೇಲೆಯೇ ಇನ್ನೊಂದು ಕಡೆ ಕೈ ಹಾಕಿದ್ದು. ಕೆಳಗಿನ ಗೋಡೆ ಒಡೆದದ್ದು ಕೊನೆಗೆ.

ಮುಂದಿನ ಜಗಲಿಗೆ ಎರಡು ಇಳಿಜಾರಿನ ಮಂಗಳೂರು ಹೆಂಚು. ಎತ್ತರ ಕಾಣಲಿ ಅಂತ ಅಡ್ಡ ತೊಲೆ ತೆಗೆಯೋಣ ಅಂದರು. ನಾನು ಒಪ್ಪಲಿಲ್ಲ. ಇಳಿಜಾರಿನ ಮರಗಳು ಗೋಡೆಯನ್ನು ಹೊರಕ್ಕೆ ತಳ್ಳುತ್ತವೆ, ಎರಡೂ ಕಡೆ ಹಿಡಿದಿಡುವುದೇ ಆ ತೊಲೆ.

ಹಿಂದಿನ ಹೊಸ ರೂಮಿಗೆ ಆರ್‌ಸಿಸಿ ಮೋಲ್ಡ್, ಅಂದರೆ ಒಳಗೆ ಕಬ್ಬಿಣದ ಕಂಬಿ ಇಟ್ಟು ಹಾಕುವ ಕಾಂಕ್ರೀಟ್ ಸ್ಲ್ಯಾಬ್. ರೂಮಿನ ಉದ್ದ ಅಗಲದ ಎರಡು ಪಟ್ಟು ದಾಟದಿದ್ದರೆ ಭಾರ ನಾಲ್ಕೂ ಕಡೆಗೆ ಹಂಚಿಕೊಳ್ಳುತ್ತದೆ, ದಾಟಿದರೆ ಹೆಚ್ಚಿನದು ಉದ್ದದ ಎರಡು ಗೋಡೆಗಳಿಗೆ. ಎರಡರಲ್ಲೂ ಚಿಕ್ಕ ಅಳತೆಯ ಕಡೆಗೆ ಓಡುವ ಕಂಬಿಯೇ ತಳದಲ್ಲಿರಬೇಕು.

ಬಾಲ್ಕನಿಯಲ್ಲಿ ಎಲ್ಲ ಉಲ್ಟಾ. ತುದಿಗೆ ಆಸರೆ ಇಲ್ಲ, ಹಾಗಾಗಿ ಬಿರುಕು ಮೇಲಿನಿಂದ ಬಿಡುತ್ತದೆ. ಮುಖ್ಯ ಕಂಬಿ ಮೇಲೆ ಇರಬೇಕು, ಒಳಗಿನ ಸ್ಲ್ಯಾಬಿಗೂ ಚೆನ್ನಾಗಿ ಹೋಗಿರಬೇಕು. ಕಾಂಕ್ರೀಟ್ ಹಾಕುವವರು ಅದರ ಮೇಲೆ ಓಡಾಡಿದರೆ ಕಂಬಿ ಕೆಳಗೆ ಕೂತುಬಿಡುತ್ತದೆ. ಹಾಗಾಗಿ ಮೇಲಿನ ಕಂಬಿಯನ್ನು ಎತ್ತಿ ಹಿಡಿಯುವ ಚೇರ್ ಕಂಬಿ ಒತ್ತೊತ್ತಾಗಿ ಕಟ್ಟಿಸಿ, ನಡೆಯಲು ಹಲಗೆ ಹಾಕಿಸಿ, ಮೋಲ್ಡ್ ಮುಗಿಯುವವರೆಗೆ ನಾನೇ ಅಲ್ಲಿ ನಿಂತಿದ್ದೆ. ಸೆಂಟ್ರಿಂಗ್ (ಕಾಂಕ್ರೀಟ್ ಬಲಿಯುವವರೆಗೆ ಕೆಳಗೆ ಕೊಡುವ ಆಸರೆ) ಬಿಚ್ಚುವಾಗಲೂ ಹೊರ ತುದಿಯ ಜಾಕಿ ಮೊದಲು, ಗೋಡೆ ಪಕ್ಕದ್ದು ಕೊನೆಗೆ.