ಕರಡಿ ಓಡಾಡುವ ಬೆಟ್ಟಕ್ಕೆ ದರಕಿಗೆ ಹೋಗುವುದು ಹೇಗೆ?

ಜೋಯಿಡಾ, ಯಲ್ಲಾಪುರ ಕಡೆಯವರಿಗೆ ಕರಡಿಯ ವಿಷಯ ಹೊಸದಾಗಿ ಹೇಳುವುದೇನಿದೆ ಎಂದುಕೊಂಡಿದ್ದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಸುಕಿನಲ್ಲೇ ಒಬ್ಬೊಬ್ಬರಾಗಿ ದರಕು, ಅಂದರೆ ಉದುರಿದ ಒಣ ಎಲೆ, ತರಲು ಸೊಪ್ಪಿನ ಬೆಟ್ಟ ಹತ್ತುವ ಹುಡುಗರನ್ನು ಕಂಡ ಮೇಲೆ ಬರೆಯಲೇಬೇಕಾಯಿತು.

ಮೊದಲು ಹೊತ್ತು. ಬಿಸಿಲೇರಿದ ಮೇಲೆ, ಇಬ್ಬರಾದರೂ ಕೂಡಿ ಹೋಗಿ. ಐದರೊಳಗೆ ಮನೆ ಸೇರಿ. ಚಳಿಗಾಲದಲ್ಲಿ ಹುಟ್ಟಿದ ಮರಿಗಳನ್ನು ತಾಯಿ ಬೆನ್ನ ಮೇಲೆ ಹೊತ್ತು ತಿರುಗುವ ಕಾಲವೂ ನಮ್ಮ ದರಕಿನ ಕಾಲವೂ ಒಂದೇ.

ನಾಯಿಯನ್ನು ಕಟ್ಟಿಟ್ಟು ಹೋಗಿ. ಅದು ಮುಂದೆ ಓಡಿ ಕರಡಿಯನ್ನು ಕೆಣಕಿ, ಬಾಲ ಮುದುರಿಕೊಂಡು ನಿಮ್ಮ ಕಾಲಬುಡಕ್ಕೇ ಬರುತ್ತದೆ. ಹಿಂದೆಯೇ ಕರಡಿ.

ದಾರಿಯುದ್ದಕ್ಕೂ ಮಾತಾಡುತ್ತಿರಿ, ಕತ್ತಿಯ ಹಿಡಿಯಿಂದ ಮರಕ್ಕೆ ಬಡಿಯಿರಿ. ಕರಡಿಯ ಮೂಗು ಚುರುಕು, ಕಣ್ಣು ಕಿವಿ ಅಷ್ಟಕ್ಕಷ್ಟೆ. ಮೇಲ್ದವಡೆಯ ಮುಂದಿನ ಎರಡು ಹಲ್ಲು ಅದಕ್ಕಿಲ್ಲ. ಆ ಸಂದಿಯಿಂದಲೇ ಒರಲೆ (ಗೆದ್ದಲು) ಹೀರುತ್ತದೆ. ಆ ಸದ್ದು 100 ಮೀಟರ್ ಆಚೆಗೂ ಕೇಳುತ್ತದೆ. ಅಂಥ ಗದ್ದಲದಲ್ಲಿ ನಿಮ್ಮ ಹೆಜ್ಜೆ ಅದಕ್ಕೆಲ್ಲಿ ಕೇಳೀತು? ಪಟಾಕಿ ಮಾತ್ರ ಬೇಡ. ಒಣ ದರಕಿನ ಬೆಟ್ಟಕ್ಕೆ ಬೆಂಕಿ ಬಿದ್ದರೆ ಕರಡಿಯೇ ವಾಸಿ ಅನ್ನಿಸುತ್ತದೆ.

ಹುತ್ತ ಕಂಡಲ್ಲೆಲ್ಲ ಒಂದು ಕ್ಷಣ ನಿಲ್ಲಿ. ಹೋದ ವರ್ಷ ನಾನು ನೋಡಿದ ಹುತ್ತಕ್ಕೆ ಮೊಣಕೈ ಇಳಿಯುವಷ್ಟು ತೂತು. ಹೊರಚೆಲ್ಲಿದ ಮಣ್ಣು ಇನ್ನೂ ಹಸಿ, ಒರಲೆಗಳು ಗಾಬರಿಯಲ್ಲಿ ಓಡಾಡುತ್ತಿದ್ದವು. ಹೆಡಿಗೆ ಅಲ್ಲೇ ಬಿಟ್ಟು ವಾಪಸ್ ಬಂದೆ. ತೂತಿನ ಬಾಯಿಗೆ ಜೇಡ ಬಲೆ ಕಟ್ಟಿದ್ದರೆ ಹಳೆಯದು, ಮುಂದೆ ಹೋಗಬಹುದು.

ಎಲ್ಲರೂ ಎಡವುವುದು ಎದುರಾದಾಗ. ದೂರದಲ್ಲಿದ್ದರೆ ಸದ್ದಿಲ್ಲದೆ ಬಂದ ದಾರಿ ಹಿಡಿಯಿರಿ. ಇಪ್ಪತ್ತು ಹೆಜ್ಜೆಯೊಳಗಿದ್ದರೆ ಓಡಬೇಡಿ; ಇಳಿಜಾರಿರಲಿ ಏರಿರಲಿ, ಅದು ನಿಮಗಿಂತ ಜೋರು. ಮರ ಹತ್ತುವುದಂತೂ ಶುದ್ಧ ದಡ್ಡತನ, ಜೇನಿಗಾಗಿ ಮರ ಹತ್ತುವ ಪ್ರಾಣಿ ಅದು. ಎರಡು ಕಾಲ ಮೇಲೆ ಎದ್ದು ನಿಂತರೆ ಮೈಮೇಲೆ ಬಂತೆಂದೇ ಅರ್ಥವಲ್ಲ, ನೀವು ಯಾರೆಂದು ವಾಸನೆ ಹಿಡಿಯುತ್ತಿರುತ್ತದೆ. ಕಲ್ಲು ಬೀಸಬೇಡಿ, ಕಿರುಚಬೇಡಿ, ಬೆನ್ನು ತಿರುಗಿಸಬೇಡಿ. ಒಂದೊಂದೇ ಹೆಜ್ಜೆ ಹಿಂದೆ ಸರಿಯಿರಿ. ಮರಿ ಒಂದು ಬದಿ, ತಾಯಿ ಇನ್ನೊಂದು ಬದಿ ಇದ್ದರೆ ನಡುವಿನಿಂದ ಮೊದಲು ಜಾರಿಕೊಳ್ಳಿ.

ಅಷ್ಟಾದರೂ ನುಗ್ಗಿ ಬಂತೋ, ಕವುಚಿ ಬೀಳಿ. ಬೆರಳು ಹೆಣೆದು ಕುತ್ತಿಗೆಯ ಹಿಂಭಾಗ ಮುಚ್ಚಿ, ಮೊಣಕೈಗಳು ಕೆನ್ನೆಗೆ ಒತ್ತಿರಲಿ, ಮುಖ ನೆಲಕ್ಕೆ. ಕಾಲು ತುಸು ಅಗಲಿಸಿದರೆ ಅದಕ್ಕೆ ನಿಮ್ಮನ್ನು ಮಗುಚುವುದು ಕಷ್ಟ. ಅದರ ಉಗುರು ಹುಡುಕುವುದೇ ಮುಖ, ತಲೆ. ಬೆನ್ನಿನ ಗಾಯ ಮಾಯುತ್ತದೆ, ಕಣ್ಣು ಹೋದರೆ ಬಾರದು. ಅದು ಹೋಯಿತೆಂದು ತಟ್ಟನೆ ಏಳಬೇಡಿ. ಇದನ್ನು ಅಂಗಳದಲ್ಲಿ ಒಮ್ಮೆ ಮಾಡಿ ನೋಡಿ, ಮನೆಯವರು ನಕ್ಕರೆ ನಗಲಿ.

ಮೊಬೈಲಿನಲ್ಲಿ ಬರುವ ಅಮೆರಿಕದ ಕಪ್ಪು ಕರಡಿಯ ವಿಡಿಯೋ ನೋಡಿ ‘ತಿರುಗಿ ಹೊಡೆದರಾಯ್ತು’ ಎನ್ನುವವರಿದ್ದಾರೆ. ಅದರ ಜಾತಿಯೇ ಬೇರೆ. ನನ್ನ ಅಳಿಯನೊಬ್ಬ ಆನ್‌ಲೈನಿನಲ್ಲಿ ಬೆರಳುದ್ದದ ಪೆಪ್ಪರ್ ಸ್ಪ್ರೇ ತರಿಸಿದ. ಅಂಗಳದಲ್ಲಿ ಪರೀಕ್ಷೆ ಮಾಡಿದ, ಗಾಳಿ ತಿರುಗಿತು, ಮನೆಮಂದಿಯೆಲ್ಲ ಕೆಮ್ಮಿದೆವು.

ಗಾಯವಾದರೆ ಅರಿಶಿನ, ಕಾಫಿಪುಡಿ ಮೆತ್ತಬೇಡಿ. ಒಗೆದ ಪಂಚೆಯಿಂದ ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಿ. ರೇಬಿಸ್ ಚುಚ್ಚುಮದ್ದನ್ನು ಕೇಳಿ ಹಾಕಿಸಿಕೊಳ್ಳಿ. ಪರಿಹಾರ ಬೇಕಾದರೆ ಅರಣ್ಯ ಇಲಾಖೆಗೆ ಅಂದೇ ತಿಳಿಸಿ. ನಿಮ್ಮ ಬೆಟ್ಟದಲ್ಲಿ ಯಾವ ಬಂಡೆಯ ಮೇಲೆ ನಿಂತರೆ ಸಿಗ್ನಲ್ ಸಿಗುತ್ತದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ.