ಪಿಕಪ್‌ನ ಕಿರಕಿರ, ಲಟಲಟ: ಮೊದಲು ಪತ್ತೆ, ಆಮೇಲೆ ಸ್ಪ್ಯಾನರ್

ಮಂಡಿಯಲ್ಲಿ ಲೋಡ್ ಇಳಿಸಿ ಖಾಲಿ ಗಾಡಿಯಲ್ಲಿ ಊರಿಗೆ ಹಿಂದಿರುಗುವಾಗ ಪಿಕಪ್‌ನ ಒಳಗುಟ್ಟೆಲ್ಲ ಬಯಲಾಗುತ್ತದೆ. ಟನ್ನುಗಟ್ಟಲೆ ತೂಕ ಹೊರಲೆಂದು ಜೋಡಿಸಿದ ಹಿಂದಿನ ಕಮಾನು ಪಟ್ಟಿಗಳು (ಲೀಫ್ ಸ್ಪ್ರಿಂಗ್) ಖಾಲಿ ಇದ್ದಾಗ ಹೆಚ್ಚು ಬಗ್ಗುವುದಿಲ್ಲ. ರಸ್ತೆಯ ಪ್ರತಿ ಹೊಡೆತವೂ ಚಾಸಿಗೆ (ಗಾಡಿಯ ಕಬ್ಬಿಣದ ಅಡಿಚೌಕಟ್ಟಿಗೆ), ಅಲ್ಲಿಂದ ಹಿಂದಿನ ಲೋಡ್ ಬಾಡಿಗೆ, ಕ್ಯಾಬಿನ್ನಿಗೆ ಏರುತ್ತದೆ. ಬೊಲೆರೊ ಇರಲಿ, ದೋಸ್ತ್ ಇರಲಿ, ಟಾಟಾ ಏಸ್ ಇರಲಿ, ಕಚ್ಚಾ ರಸ್ತೆಯಲ್ಲಿ ದುಡಿಯುವ ಗಾಡಿಗೆ ಇಂದಲ್ಲ ನಾಳೆ ಸದ್ದು ಅಂಟಿಕೊಳ್ಳುತ್ತದೆ.

ಆಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ: ಹಾಡಿನ ದನಿ ಏರಿಸುವುದು, ಇಲ್ಲವೇ ಗ್ಯಾರೇಜಿಗೆ ಹೋಗಿ ‘ಎಲ್ಲ ಬೋಲ್ಟ್ ಬಿಗಿ ಮಾಡಿ’ ಎನ್ನುವುದು. ಎರಡೂ ಸರಿಯಲ್ಲ. ಕಣ್ಣು ಮುಚ್ಚಿ ಬಿಗಿ ಮಾಡಿದರೆ ರಬ್ಬರ್ ಬುಶ್ (ಬೋಲ್ಟಿನ ಸುತ್ತ ಕೂರುವ ರಬ್ಬರ್ ತೋಳು) ನಜ್ಜುಗುಜ್ಜಾಗುತ್ತದೆ, ಸದ್ದು ಇದ್ದಲ್ಲೇ ಇರುತ್ತದೆ. ಸದ್ದು ಅಡಗಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಹುಡುಕಾಟ. ಅದನ್ನು ಗಾಡಿಯ ಮಾಲೀಕರೇ ಮಾಡಬಹುದು, ಮಾಡಬೇಕು. ದಿನವಿಡೀ ಅದರೊಳಗೆ ಕೂರುವವರಷ್ಟು ಚೆನ್ನಾಗಿ ಆ ಸದ್ದು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಯಾವಾಗ ಎಂಬುದನ್ನು ಬರೆದಿಡಿ

ಮೊದಲ ಹೆಜ್ಜೆಗೆ ಕಾಗದ, ಪೆನ್ನು ಸಾಕು. ಸದ್ದು ಬರುವುದು ಖಾಲಿ ಇದ್ದಾಗಲೋ, ಲೋಡ್ ಇದ್ದಾಗಲೋ? ಹಂಪ್ ಹತ್ತುವಾಗಲೋ, ಇಳಿಯುವಾಗಲೋ? ಬ್ರೇಕ್ ಒತ್ತಿದರೆ ನಿಲ್ಲುತ್ತದೆಯೇ, ಜೋರಾಗುತ್ತದೆಯೇ? ಮಳೆ ಬಂದ ದಿನ ಏನಾಯಿತು?

ಖಾಲಿ ಗಾಡಿಯಲ್ಲಿ ಲಟಲಟ ಎಂದು, ಲೋಡ್ ಹಾಕಿದೊಡನೆ ಸುಮ್ಮನಾದರೆ ಹಿಂಬಾಗಿಲು, ಚೈನು, ಕೊಂಡಿಗಳ ಮೇಲೆ ಅನುಮಾನ ಪಡಿ. ಲೋಡ್ ಇದ್ದಾಗಲೇ ಕಿರ್ರೆಂದರೆ ಕಮಾನು ಪಟ್ಟಿ, ಶಾಕಲ್ (ಪಟ್ಟಿಯ ತುದಿಯನ್ನು ಚಾಸಿಗೆ ಜೋಡಿಸುವ ತೂಗುಕೊಂಡಿ), ಬುಶ್. ಮಳೆಯಲ್ಲಿ ನಿಂತು, ಬಿಸಿಲು ಬಿದ್ದೊಡನೆ ಮರಳಿ ಬಂದರೆ ಎಲ್ಲೋ ಒಣ ತಿಕ್ಕಾಟವಿದೆ. ಗಾಡಿ ನಿಂತಿದ್ದರೂ ಎಂಜಿನ್ ಒಂದು ಹದಕ್ಕೆ ಬಂದಾಗ ಮಾತ್ರ ಝಣಝಣ ಎಂದರೆ ಅದು ಸೈಲೆನ್ಸರ್‌ಗೆ ಹೊದಿಸಿದ ಶಾಖತಡೆ ತಗಡಿನ ಕೆಲಸ ಇರಬಹುದು. ಆ ತಗಡಿನ ಬೋಲ್ಟ್ ರಂಧ್ರ ತುಕ್ಕು ಹಿಡಿದು ದೊಡ್ಡದಾಗಿರುತ್ತದೆ, ಅಗಲ ವಾಷರ್ ಹಾಕಿ ಬಿಗಿದರೆ ಮುಗಿಯಿತು.

ಎಲ್ಲವನ್ನೂ ಇಳಿಸಿ

ಜಾಕ್, ಜಾಕ್ ರಾಡ್, ಸ್ಪ್ಯಾನರ್ ಚೀಲ, ಹಗ್ಗದ ಕೊಕ್ಕೆ, ಸೀಟಿನಡಿಯ ಬಾಟಲಿ, ಡ್ಯಾಶ್‌ಬೋರ್ಡ್ ಮೇಲಿನ ದೇವರ ಗಂಟೆ, ಗ್ಲೌವ್ ಬಾಕ್ಸ್‌ನ ನಾಣ್ಯ, ಎಲ್ಲವೂ ಹೊರಗೆ ಬರಲಿ. ಸೀಟಿನ ಹಿಂದಿನ ಸಂದಿಯನ್ನೂ ಬಿಡಬೇಡಿ. ಈಗ ಅದೇ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಎಷ್ಟೋ ಗಾಡಿಗಳ ಕಾಯಿಲೆ ಇಲ್ಲಿಗೇ ವಾಸಿಯಾಗುತ್ತದೆ. ಜಾಕನ್ನು ಮರಳಿ ಇಡುವಾಗ ಗೋಣಿಚೀಲದಲ್ಲಿ ಸುತ್ತಿ, ಬೆಲ್ಟಿನಿಂದ ಬಿಗಿದು ಇಡಿ.

ನಿಂತ ಗಾಡಿಯ ತಪಾಸಣೆ

ಎಂಜಿನ್ ಆರಿಸಿ, ಸೈಲೆನ್ಸರ್ ತಣ್ಣಗಾಗಲು ಬಿಡಿ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಗಳಿಗೆ ಕಲ್ಲು ಕೊಡಿ. ಮುಷ್ಟಿಯಿಂದಲೋ ರಬ್ಬರ್ ಸುತ್ತಿಗೆಯಿಂದಲೋ ಮುಂದಿನಿಂದ ಹಿಂದಕ್ಕೆ ತಟ್ಟುತ್ತಾ ಬನ್ನಿ: ಬಂಪರ್, ಬಾನೆಟ್, ಬ್ಯಾಟರಿಯ ಕ್ಲ್ಯಾಂಪ್, ಮಡ್‌ಗಾರ್ಡ್, ನಂಬರ್ ಪ್ಲೇಟ್, ಸ್ಟೆಪ್ನಿ. ಸ್ಟೆಪ್ನಿಯನ್ನು ಎರಡೂ ಕೈಯಿಂದ ಹಿಡಿದು ಅಲುಗಿಸಿ. ಚೂರು ಕದಲಿದರೂ ರಸ್ತೆಯಲ್ಲಿ ಅದು ದಡದಡ ಬಡಿಯುತ್ತದೆ.

ಕಿವಿಗಿಂತ ಕಣ್ಣು ಹೆಚ್ಚು ಹೇಳುವ ಜಾಗಗಳೂ ಇವೆ. ಕದಲುವ ಲೋಹ ಗುರುತು ಬಿಡದೆ ಇರದು. ಬಾಡಿಯನ್ನು ಚಾಸಿಗೆ ಕೂರಿಸಿದ ಬೋಲ್ಟ್‌ಗಳ ಸುತ್ತ ನೋಡಿ: ಸಡಿಲವಾದ ನಟ್ಟಿನ ಕೆಳಗೆ ಕೆಂಪು ತುಕ್ಕಿನ ಪುಡಿ ಕುಂಕುಮದ ಗೆರೆಯಂತೆ ಇಳಿದಿರುತ್ತದೆ, ಇಲ್ಲವೇ ವಾಷರ್ ಸುತ್ತ ಬಣ್ಣ ಸವೆದು ಲೋಹ ಫಳಫಳ ಹೊಳೆಯುತ್ತದೆ. ಸುತ್ತಲೂ ಧೂಳು ಕೂತಿದ್ದು ಒಂದೇ ಒಂದು ಕಡೆ ಸ್ವಚ್ಛವಾಗಿದ್ದರೆ ಅಲ್ಲಿ ಏನೋ ಉಜ್ಜುತ್ತಿದೆ ಎಂದೇ ಅರ್ಥ. ಸೀಮೆಸುಣ್ಣದಿಂದ ಗುರುತು ಹಾಕಿ ಮುಂದೆ ಹೋಗಿ.

ನಂತರ ಒಬ್ಬರು ಹಿಂದಿನ ಬಂಪರ್ ಮೇಲೆ ನಿಂತು ಗಾಡಿಯನ್ನು ಕುಲುಕಲಿ, ಇನ್ನೊಬ್ಬರು ಪಕ್ಕದಲ್ಲಿ ಕೂತು ಆಲಿಸಲಿ. ನೀರಿನ ಪೈಪಿನ ಒಂದು ಮಾರುದ್ದದ ತುಂಡು ಇಲ್ಲಿ ಬಹಳ ಉಪಕಾರಿ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಅನುಮಾನದ ಜಾಗದ ಹತ್ತಿರ. ಚಾಸಿಯ ಉದ್ದಕ್ಕೂ ಸದ್ದು ಹರಿಯುವುದರಿಂದ ಹಿಂದಿನ ಶಾಕಲ್‌ನ ಕಿರುಚಾಟ ಡ್ರೈವರ್ ಸೀಟಿನ ಕೆಳಗಿನದೇ ಎನ್ನಿಸುವುದುಂಟು. ಪೈಪು ಈ ಮೋಸವನ್ನು ಬಿಡಿಸುತ್ತದೆ.

ಗಾಡಿ ಎತ್ತಿ ಕೆಳಗೆ ಹೋಗುವುದಾದರೆ ಜಾಕ್ ಒಂದನ್ನೇ ನಂಬಬೇಡಿ. ಸಮತಟ್ಟಾದ ಗಟ್ಟಿ ನೆಲದಲ್ಲಿ ಕಬ್ಬಿಣದ ಸ್ಟ್ಯಾಂಡ್ ಕೊಡಲೇಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಭಾರಕ್ಕೆ ಒಮ್ಮೆಲೇ ಪುಡಿಯಾಗುತ್ತವೆ.

ಓಡಿಸುತ್ತಾ ಹುಡುಕುವಾಗ

ಓಡಿಸುವವರು ಓಡಿಸಲಿ, ಕೇಳುವವರು ಪಕ್ಕದ ಸೀಟಿನಲ್ಲಿರಲಿ. ಹಿಂದಿನ ಬಾಡಿಯಲ್ಲಿ ಯಾರನ್ನೂ ನಿಲ್ಲಿಸಬೇಡಿ. ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಕಿಟಕಿ ಇಳಿಸಿ ನಿಧಾನವಾಗಿ ಸಾಗಿದರೆ ಸದ್ದು ಗೋಡೆಗೆ ಬಡಿದು ಮರಳುತ್ತದೆ. ಎಡಕ್ಕೋ ಬಲಕ್ಕೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ಇನ್ನು ಮುಂದೆ ಒಂದು ಸಲಕ್ಕೆ ಒಂದೇ ಅನುಮಾನ. ಹಿಂಬಾಗಿಲನ್ನು ಹಗ್ಗದಿಂದ ಬಿಗಿದು ಓಡಿಸಿ ನೋಡಿ, ಸದ್ದು ನಿಂತರೆ ಕಳ್ಳ ಸಿಕ್ಕ. ಇಲ್ಲದಿದ್ದರೆ ಹಗ್ಗ ಬಿಚ್ಚಿ ಬೇರೆ ಕಡೆ ನೋಡಿ. ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ಕನ್ನು ಅಂಗೈಯಿಂದ ಅಲ್ಲಲ್ಲಿ ಒತ್ತಿ ಹಿಡಿಯುವುದೂ ಇದೇ ಲೆಕ್ಕ. ಒತ್ತಿದಾಗ ಸುಮ್ಮನಾದ ಅಂಚಿಗೆ ತೆಳು ಬಟ್ಟೆಯ ಟೇಪ್ ಸಾಕು.

ಕಮಾನು ಪಟ್ಟಿಯ ಚಾಕರಿ

ಪಿಕಪ್‌ನ ಕಿರಕಿರದಲ್ಲಿ ದೊಡ್ಡ ಪಾಲು ಇಲ್ಲಿಯದು, ದೊಡ್ಡ ತಪ್ಪುಗಳೂ ಇಲ್ಲಿಯವೇ. ಬುಶ್ ಮೇಲೆ ನೀರು ಚಿಮುಕಿಸಿ ಕುಲುಕಿ. ಸದ್ದು ಕೊಂಚ ಹೊತ್ತು ನಿಂತರೆ ಬುಶ್ಶೇ ಕಾರಣ. ನಿಲ್ಲದಿದ್ದರೆ ಪಟ್ಟಿಗಳ ತುದಿಗೆ ಚಿಮುಕಿಸಿ.

ಎಂಜಿನ್‌ನಿಂದ ತೆಗೆದ ಹಳೆಯ ಆಯಿಲನ್ನು ಪಟ್ಟಿಗಳಿಗೆ ಸುರಿಯುವ ರೂಢಿ ಊರೂರಿನಲ್ಲಿದೆ. ದಯವಿಟ್ಟು ಅದನ್ನು ಬಿಡಿ. ಆಯಿಲ್ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಧೂಳು ಅದಕ್ಕೆ ಅಂಟಿ ಅರೆಯುವ ಮಸಿಯಾಗಿ ಪಟ್ಟಿಯನ್ನೇ ಸವೆಸುತ್ತದೆ, ಮಣ್ಣಿಗೆ ಸೋರಿ ಹೊಲವನ್ನೂ ಕೆಡಿಸುತ್ತದೆ. ಬ್ರೇಕ್ ಡ್ರಮ್ಮಿನೊಳಗೆ ಇಳಿದರಂತೂ ಜೀವಕ್ಕೇ ಅಪಾಯ.

ಸರಿಯಾದ ಕ್ರಮ ಹೀಗಿದೆ. ಜಾಕನ್ನು ಆಕ್ಸಲ್‌ಗೆ (ಚಕ್ರಗಳ ಅಚ್ಚಿಗೆ) ಕೊಡದೆ ಚಾಸಿಗೆ ಕೊಟ್ಟು ಎತ್ತಿ, ಸ್ಟ್ಯಾಂಡ್ ನಿಲ್ಲಿಸಿ. ಆಕ್ಸಲ್ ಕೆಳಗೆ ಜೋತಾಗ ಪಟ್ಟಿಗಳ ನಡುವೆ ಸಂದಿ ಬಿಡುತ್ತದೆ. ತಂತಿ ಬ್ರಶ್‌ನಿಂದ ತುಕ್ಕು, ಮಣ್ಣು ಕೆರೆದು ತೆಗೆದು ಒಂದೊಂದು ಪಟ್ಟಿಯನ್ನೂ ಟಾರ್ಚ್ ಹಿಡಿದು ನೋಡಿ. ಅಡ್ಡಡ್ಡ ಕೂದಲೆಳೆಯಂಥ ಗೆರೆ ಕಂಡರೆ ಅದು ಬಿರುಕು. ಗ್ರೀಸ್ ಹಚ್ಚುವ ಕೆಲಸ ಅಲ್ಲಿಗೇ ನಿಲ್ಲಿಸಿ, ಪಟ್ಟಿ ಬದಲಿಸಿ. ಬಿರುಕಿಲ್ಲದಿದ್ದರೆ ತುದಿಗಳ ಸಂದಿಗೆ ಗ್ರ್ಯಾಫೈಟ್ ಗ್ರೀಸನ್ನು ತೆಳುವಾಗಿ ಹಚ್ಚಿ. ತುದಿಯಲ್ಲಿ ಪ್ಲಾಸ್ಟಿಕ್ ಅಥವಾ ರಬ್ಬರ್ ಪ್ಯಾಡ್ ಇರುವ ಗಾಡಿಯಾದರೆ ಗ್ರೀಸ್ ಬೇಡ, ಸವೆದ ಪ್ಯಾಡ್ ಬದಲಿಸಿದರೆ ಆಯಿತು. ಶಾಕಲ್ ಪಿನ್ನಿಗೆ ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಪುಟ್ಟ ಮೂತಿ) ಇದ್ದರೆ ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಇಣುಕುವವರೆಗೆ ಗ್ರೀಸ್ ಗನ್ ಒತ್ತಿ.

ರಬ್ಬರ್ ಬುಶ್ ಬದಲಿಸಿದಾಗ ಒಂದು ಮಾತು ನೆನಪಿರಲಿ. ಬೋಲ್ಟ್‌ಗಳ ಕೊನೆಯ ಬಿಗಿತ ಚಕ್ರ ನೆಲಕ್ಕೆ ಊರಿ, ಗಾಡಿಯ ಭಾರ ಪಟ್ಟಿಯ ಮೇಲೆ ಬಿದ್ದ ಮೇಲೆಯೇ ಆಗಬೇಕು. ಚಕ್ರ ಜೋತಾಡುತ್ತಿರುವಾಗಲೇ ಬಿಗಿದರೆ ಗಾಡಿ ಇಳಿಸಿದೊಡನೆ ರಬ್ಬರ್ ತಿರುಚಿಕೊಳ್ಳುತ್ತದೆ, ಹೊಸ ಬುಶ್ ಬೇಗ ಹರಿಯುತ್ತದೆ. ಗ್ಯಾರೇಜಿನಲ್ಲಿ ಮಾಡಿಸುವಾಗ ನಿಂತು ಇದನ್ನು ನೋಡಿಕೊಳ್ಳಿ. ಪಟ್ಟಿಯನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್‌ಗಳನ್ನು ಕರ್ಣದ ಕ್ರಮದಲ್ಲಿ (ಒಂದು ಮೂಲೆಯಿಂದ ಎದುರು ಮೂಲೆಗೆ), ಕಂಪನಿಯ ಕೈಪಿಡಿಯಲ್ಲಿ ಹೇಳಿದಷ್ಟೇ, ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಹಿಂಬಾಗಿಲು, ಚೈನು

ಇದಕ್ಕೆ ಖರ್ಚೇ ಇಲ್ಲ. ಪಂಕ್ಚರ್ ಅಂಗಡಿಯಿಂದ ಹಳೆಯ ಸೈಕಲ್ ಟ್ಯೂಬ್ ತನ್ನಿ. ಚೈನಿನ ಉದ್ದಕ್ಕೆ ಕತ್ತರಿಸಿ, ಚೈನಿಗೆ ತೋಳಿನಂತೆ ತೊಡಿಸಿ. ಬಾಡಿಯ ತಗಡಿಗೆ ಕಬ್ಬಿಣ ಬಡಿಯುವುದು ಅಂದೇ ನಿಲ್ಲುತ್ತದೆ. ಬಾಗಿಲು ಬಾಡಿಗೆ ತಾಗುವ ಅಂಚಿಗೆ ಲಾರಿ ಟ್ಯೂಬಿನ ಪಟ್ಟಿ ಅಂಟಿಸಿ. ಕೀಲಿನ ರಂಧ್ರ ಸವೆದು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ರಬ್ಬರ್ ಸಾಲದು, ವೆಲ್ಡಿಂಗ್ ಅಂಗಡಿಯಲ್ಲಿ ಹೊಸ ಲೋಹದ ಬುಶ್ ಹಾಕಿಸಿ ದಪ್ಪ ಪಿನ್ ಕೂರಿಸಬೇಕು.

ಇವನ್ನು ನಾಳೆಗೆ ಇಡಬೇಡಿ

ಸ್ಟೀರಿಂಗ್ ತಿರುಗಿಸಿದಾಗ ಮುಂಭಾಗದಲ್ಲಿ ಟಕ್ ಎಂದರೆ ಮುಂಚಕ್ರಗಳ ಕೀಲುಗಳಾದ ಬಾಲ್ ಜಾಯಿಂಟ್, ಟೈ ರಾಡ್ ತುದಿಗಳನ್ನು ಮೆಕ್ಯಾನಿಕ್‌ಗೆ ತೋರಿಸಿ. ಬ್ರೇಕ್ ಒತ್ತಿದಾಗ ಲೋಹ ಅರೆಯುವ ಸದ್ದು ಬಂದರೆ ಪ್ಯಾಡ್ ಅಥವಾ ಲೈನರ್ ಮುಗಿದಿರಬಹುದು. ಮುಂದಿನ ಗೇರಿನಿಂದ ರಿವರ್ಸ್‌ಗೆ ಹಾಕುವಾಗ ಕೆಳಗಿನಿಂದ ಟಣ್ ಎಂದರೆ ಎಂಜಿನ್ ಶಕ್ತಿಯನ್ನು ಹಿಂಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ (ಶಾಫ್ಟ್‌ನ ಜಾಯಿಂಟಿನ ಅಡ್ಡತುಂಡು) ನೋಡಿ. ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ, ಶಾಫ್ಟನ್ನು ಜಾಯಿಂಟಿನ ಎರಡೂ ಬದಿಯಲ್ಲಿ ಹಿಡಿದು ಎದುರುಬದುರಾಗಿ ತಿರುಚಿ. ಜಾಯಿಂಟ್ ಕದಲಿದರೆ ಅಥವಾ ಕ್ರಾಸ್‌ನ ತುದಿಯ ಬೇರಿಂಗ್ ಕಪ್‌ನ ಬಾಯಲ್ಲಿ ಕೆಂಪು ಪುಡಿ ಕಂಡರೆ ಕ್ರಾಸ್ ಬದಲಿಸುವವರೆಗೆ ಗಾಡಿಗೆ ಲೋಡ್ ಹಾಕಬೇಡಿ. ಓಡುವಾಗ ಅದು ಮುರಿದರೆ ಶಾಫ್ಟ್‌ನ ತುದಿ ಕಳಚಿ ರಸ್ತೆಗೆ ಬಡಿಯುತ್ತದೆ.