ಕಾಯಿಲೆಗೆ ಮನೆ ಸುರಿದ ದುಡ್ಡು: ತಾಲ್ಲೂಕು ಸಮೀಕ್ಷೆ ಮಾಡುವ ಕ್ರಮ

ದಾವಣಗೆರೆಯ ದೊಡ್ಡಾಸ್ಪತ್ರೆ ವಾರ್ಡಿನಲ್ಲಿ ರೋಗಿಗಳನ್ನು ಕೇಳಿ ಜಗಳೂರು ತಾಲ್ಲೂಕಿನ ಖರ್ಚಿನ ಲೆಕ್ಕ ಬರೆಯಲಾಗದು. ದುಡ್ಡಿಲ್ಲವೆಂದು ಮನೆಯಲ್ಲೇ ಉಳಿದವರು ಆ ವಾರ್ಡಿನಲ್ಲಿ ಇರುವುದಿಲ್ಲ. ಊರಿಗೇ ಹೋಗಬೇಕು, ಅದಕ್ಕೆ ಮೊದಲು ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿಯ ಒಪ್ಪಿಗೆ ಪಡೆದಿರಬೇಕು.

ಎಷ್ಟು ಮನೆ ಬೇಕು? ನೂರರಲ್ಲಿ 95 ಸಲ ನಮ್ಮ ಉತ್ತರ ನಿಜದಿಂದ ಶೇ. 10ಕ್ಕಿಂತ ಹೆಚ್ಚು ಆಚೀಚೆ ಹೋಗದಿದ್ದರೆ ಸಾಕೆಂದರೆ 96 ಮನೆ. ಒಂದೇ ಊರಿನ ಮನೆಗಳ ಪರಿಸ್ಥಿತಿ ಹೆಚ್ಚುಕಡಿಮೆ ಒಂದೇ ಇರುವುದರಿಂದ ಇಮ್ಮಡಿ ಮಾಡಿ: 192. ಒಲ್ಲೆ ಎನ್ನುವವರಿಗೂ ಜಾಗ ಬಿಟ್ಟು 30 ಊರು, ಊರಿಗೆ 7 ಮನೆ, ಒಟ್ಟು 210.

2011ರ ಜನಗಣತಿಯ ಪಟ್ಟಿ ಹಿಡಿದು ಊರುಗಳ ಜನಸಂಖ್ಯೆಯನ್ನು ಕೂಡುತ್ತ ಬನ್ನಿ. ಮೊತ್ತ 1,50,000 ಎಂದಿಟ್ಟುಕೊಂಡರೆ, 30ರಿಂದ ಭಾಗಿಸಿದಾಗ 5,000. ಅದರೊಳಗಿನ ಒಂದು ಸಂಖ್ಯೆಯನ್ನು ಚೀಟಿ ಎತ್ತಿ ಆರಿಸಿ, ಅಲ್ಲಿಂದ 5,000 ಸೇರಿಸುತ್ತ ಹೋಗಿ; ಕೂಡುತ್ತ ಬಂದ ಮೊತ್ತದಲ್ಲಿ ಆ ಸಂಖ್ಯೆ ಯಾವ ಊರಿನ ಪಾಲಿಗೆ ಬಿತ್ತೋ ಅದೇ ನಿಮ್ಮ ಊರು. ದೊಡ್ಡ ಊರಿಗೆ ಎರಡು ಸಲ ಬಿದ್ದರೆ 14 ಮನೆ. ಊರಾಚೆಯ ಗೊಲ್ಲರಹಟ್ಟಿ, ತಾಂಡಾಗಳನ್ನೂ ಸೇರಿಸಿಯೇ ಮನೆ ಆರಿಸಬೇಕು. ಸಮೀಕ್ಷೆಗಳು ತಪ್ಪುವುದು ಅಲ್ಲೇ. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕೂರಿಸಿಕೊಂಡು ಪ್ರಶ್ನೆ ಕೇಳಬೇಡಿ. ಅವರೆದುರು ಸರ್ಕಾರಿ ಆಸ್ಪತ್ರೆಯ ಬಗ್ಗೆ ಯಾರೂ ಬಾಯಿಬಿಡುವುದಿಲ್ಲ.

“ವರ್ಷಕ್ಕೆ ಆಸ್ಪತ್ರೆಗೆ ಎಷ್ಟಾಯಿತು?” ಎಂಬ ಪ್ರಶ್ನೆ ದಂಡ. ಅಡ್ಮಿಟ್ ಆಗಿದ್ದಕ್ಕೆ 365 ದಿನ, ಜ್ವರ-ಕೆಮ್ಮಿನಂಥ ಹೊರರೋಗಿ ಚಿಕಿತ್ಸೆಗೆ 15 ದಿನ ಹಿಂದಕ್ಕೆ ಕೇಳಿ. ಶುಗರ್, ಬಿಪಿ ಗುಳಿಗೆಗೆ ಮಾತ್ರ 30 ದಿನ. ತಿಂಗಳಿಗೊಮ್ಮೆ ಕೊಳ್ಳುವವರ ಖರ್ಚು 15 ದಿನದ ಪ್ರಶ್ನೆಯಲ್ಲಿ ಪೂರ್ತಿ ಬರುತ್ತದೆ, ಇಲ್ಲವೇ ಸೊನ್ನೆಯಾಗುತ್ತದೆ.

ವೈದ್ಯರ ಚೀಟಿ, ಗುಳಿಗೆಯ ಖಾಲಿ ಸ್ಟ್ರಿಪ್ ತರಿಸಿ ನೋಡಿ. ಸರ್ಕಾರಿ ಆಸ್ಪತ್ರೆಯೊಳಗೇ ಸಿಕ್ಕ ಗುಳಿಗೆ ಯಾವುದು, ಹೊರಗೆ ಕೊಳ್ಳಲು ಬರೆದುಕೊಟ್ಟದ್ದು ಯಾವುದು ಎಂದು ಹೆಸರು, ದರ ಸಮೇತ ಬರೆದುಕೊಂಡರೆ ಆರೋಗ್ಯ ಕೇಂದ್ರದ ದಾಸ್ತಾನು ಪುಸ್ತಕದೊಂದಿಗೆ ತಾಳೆ ನೋಡಬಹುದು. ನೀತಿ ಬದಲಿಸುವವರಿಗೆ ಸರಾಸರಿಗಿಂತ ಈ ಪಟ್ಟಿಯೇ ಹೆಚ್ಚು ಉಪಯೋಗ.

ಸರ್ಕಾರವೇ ಆಸ್ಪತ್ರೆ ಖರ್ಚು ಭರಿಸುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತು ಮಾಡಿದ ದರ) ಶೇ. 30, ಗರಿಷ್ಠ 1.5 ಲಕ್ಷ. ಕಾರ್ಡ್ ಇತ್ತೆಂದು ಖರ್ಚಿನ ಕಾಲಂನಲ್ಲಿ ಸೊನ್ನೆ ಹಾಕಬೇಡಿ. ಅಡ್ಮಿಟ್‌ಗೆ ಮುಂಚಿನ ಸ್ಕ್ಯಾನು, ರಕ್ತಪರೀಕ್ಷೆಯ ನಗದನ್ನು ಬೇರೆಯೇ ಕೇಳಿ. ಬಸ್ಸು, ಜೊತೆಗೆ ಹೋದವರ ಊಟ, ತಪ್ಪಿದ ಕೂಲಿ, ಕೈಸಾಲದ ಬಡ್ಡಿ ಇನ್ನೊಂದು ಕಾಲಂನಲ್ಲಿರಲಿ. ಆ ವರ್ಷ ಸಾವಾದ ಮನೆಯನ್ನು ಸಂಕೋಚಕ್ಕೆ ಬಿಡುವುದುಂಟು. ಬಿಡಬೇಡಿ, ಎಲ್ಲರಿಗಿಂತ ಹೆಚ್ಚು ಸುರಿದಿರುವುದು ಆ ಮನೆಯೇ ಇರಬಹುದು.

ತಿಂಗಳಿಗೆ 15,000 ಖರ್ಚಿನ ಮನೆಗೆ ವರ್ಷಕ್ಕೆ 1,80,000. ಚಿಕಿತ್ಸೆಯ ಖರ್ಚು ಅದರ ಶೇ. 10, ಅಂದರೆ 18,000 ದಾಟಿದರೆ, ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ 3.8.2 ಸೂಚಕಕ್ಕೆ 2025ರಲ್ಲಿ ವ್ಯಾಖ್ಯೆ ಬದಲಾಗುವ ಮುನ್ನ ಇದ್ದ ಮೊದಲ ಮಿತಿ ಮೀರಿದಂತೆ, ಎರಡನೆಯದು ಶೇ. 25 ಇತ್ತು. ಈ ಲೆಕ್ಕಕ್ಕೆ ಬಸ್ಸು, ಕೂಲಿ ಸೇರುವುದಿಲ್ಲ. ಅವನ್ನು ಸೇರಿಸಿದ ಇನ್ನೊಂದು ಲೆಕ್ಕವನ್ನೂ ಪಕ್ಕದಲ್ಲೇ ಕೊಡಿ. 210 ಮನೆಯಲ್ಲಿ ಅಡ್ಮಿಟ್ ಆದವರು ಸಿಗುವುದು ಕೆಲವೇ ಮಂದಿ; ಒಂದು ಬೈಪಾಸ್ ಬಂದರೆ ಸರಾಸರಿ ಎಲ್ಲೋ ಹಾರಿಬಿಡುತ್ತದೆ, ಹಾಗಾಗಿ ಮಧ್ಯಾಂಕ, ಅಂದರೆ ಖರ್ಚುಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ, ಬಳಸಿ.

ವರದಿಯಲ್ಲಿ ಊರಿನ ಹೆಸರನ್ನೂ ಕಾಯಿಲೆಯನ್ನೂ ಒಟ್ಟಿಗೆ ಹಾಕಬಾರದು. ಡಯಾಲಿಸಿಸ್‌ಗೆ ಹೋಗುವವರು ಯಾರೆಂದು ಇಡೀ ಊರಿಗೆ ಗೊತ್ತಿರುತ್ತದೆ.